ಚಕ್ರದ ಮನೆಗೂ ಭೂಸಂಪರ್ಕ ಬೇಕು

ಕೇರಳ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸ ಯೋಜನೆಯನ್ನು ಪ್ರಕಟಿಸಿತು. ಹಾಸಿಗೆ, ಅಡಿಗೆಯ ಏರ್ಪಾಡುಗಳುಳ್ಳ ಈ ಬಂಡಿಯು ತಂಗಿದೆಡೆಯಲ್ಲಿ 230 ವೋಲ್ಟಿನ ವಿದ್ಯುತ್ತನ್ನು ತಂತಿಯ ಮೂಲಕ ಪಡೆಯುತ್ತದೆ.

ವಿದ್ಯಾರ್ಥಿಗಳೇ, ರಬ್ಬರಿನ ಚಕ್ರಗಳ ಮೇಲೆ ನಿಂತ ಬಂಡಿಯ ಲೋಹದ ಮೈಗೆ ನೆಲದ ಸಂಪರ್ಕವಿಲ್ಲ. ಒಳಗಿನ ತಂತಿಯ ಹೊದಿಕೆ ಸವೆದು ಮೈಗೆ ತಗುಲಿದರೆ ಬಂಡಿಯೆಲ್ಲ ವಿದ್ಯುನ್ಮಯವಾದೀತು. ಒಳಗಿರುವವನಿಗೆ ಅದು ತಿಳಿಯದು. ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟಿದವನ ದೇಹವೇ ವಿದ್ಯುತ್ತಿಗೆ ದಾರಿಯಾಗುತ್ತದೆ. ಮೀನಂಗಡಿಯ ಮಳೆಗಾಲದಲ್ಲಿ ಒಣನೆಲವನ್ನು ಎಲ್ಲಿ ಹುಡುಕೋಣ?

ಆದುದರಿಂದಲೇ ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ನಾವು ಮುಖ್ಯವೆನ್ನುತ್ತೇವೆ. ಸೋರಿದ ವಿದ್ಯುತ್ತನ್ನು ಅರ್ಥ್ ತಂತಿಗೆ ಒಯ್ಯುವುದು ಅದೇ. ಸೋರಿಕೆಯು 30 ಮಿಲಿಆಂಪಿಯರ್ ಮುಟ್ಟಿದೊಡನೆ ಸಂಪರ್ಕ ಕಡಿಯುವ ಸುರಕ್ಷಾ ಸ್ವಿಚ್ಚೂ ಇರಬೇಕು. ಸ್ವಿಚ್ಚನ್ನು ಆರಿಸಿದ ಮೇಲೆಯೇ ಪ್ಲಗ್ಗನ್ನು ಸೇರಿಸತಕ್ಕದ್ದು. ತಂತಿಯ ಸುರುಳಿಯನ್ನು ಪೂರ್ತಿ ಬಿಚ್ಚಿರಬೇಕು. ಇಲ್ಲವಾದರೆ ಅದು ಕಾದು ಹೊದಿಕೆ ಕರಗೀತು.