ಮಂತ್ರಿಗಳು ಉತ್ತರ ಹೇಳಬೇಕು

"ತೆರಿಗೆ ಅಂದ್ರೆ ದೊಡ್ಡವರ ವಿಷಯ, ನಮಗ್ಯಾಕೆ?" ಹೀಗೆ ನಾವು ಬಹಳ ಸಲ ಹೇಳುತ್ತೇವೆ. ಜಮೀನು ಇದ್ದವರು ಕಂದಾಯ ಕಟ್ಟುತ್ತಾರೆ. ದೊಡ್ಡ ಸಂಬಳದವರು, ವ್ಯಾಪಾರದವರು ಆದಾಯ ತೆರಿಗೆ ಕಟ್ಟುತ್ತಾರೆ. ಕೂಲಿ ಮಾಡುವ ನಾವು, ಬೀಡಿ ಕಟ್ಟುವ ನಾವು, ಹೂವು ಮಾರುವ ನಾವು ಏನು ಕಟ್ಟುತ್ತೇವೆ?

ಕಟ್ಟುತ್ತೇವೆ ಅಕ್ಕ. ಹೆಚ್ಚುಕಡಿಮೆ ದಿನಾ ಕಟ್ಟುತ್ತೇವೆ. ಕಟ್ಟುತ್ತಿರುವುದು ನಮಗೆ ಗೊತ್ತಾಗುವುದಿಲ್ಲ, ಅಷ್ಟೆ.

ಸೋಪಿನಲ್ಲಿ ತೆರಿಗೆ

ಮನೆಯಲ್ಲಿರುವ ಸೋಪಿನ ಪೊಟ್ಟಣ ತೆಗೆದುಕೊಳ್ಳಿ. ಅದರ ಮೇಲೆ ಎಂ.ಆರ್.ಪಿ. ಎಂದು ಬರೆದು, ಮುಂದೆ ಬೆಲೆ ಹಾಕಿರುತ್ತಾರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಇರುತ್ತದೆ. 'ಎಲ್ಲಾ ತೆರಿಗೆ ಸೇರಿ' ಎಂಬುದು ಅದರ ಅರ್ಥ. ಅಂದರೆ ಆ ಬೆಲೆಯೊಳಗೆ ಸರ್ಕಾರದ ಪಾಲೂ ಇದೆ. ಅದರ ಹೆಸರು ಜಿ.ಎಸ್.ಟಿ. ಅಂದರೆ ಸರಕು ಮತ್ತು ಸೇವಾ ತೆರಿಗೆ. ಇದು 2017ರ ಜುಲೈ 1ರಿಂದ ದೇಶದಲ್ಲಿ ಜಾರಿಗೆ ಬಂತು.

ಸ್ನಾನದ ಸೋಪಿಗೆ ಮೊದಲು ನೂರಕ್ಕೆ 18 ರೂಪಾಯಿ ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದನ್ನು ನೂರಕ್ಕೆ 5 ರೂಪಾಯಿಗೆ ಇಳಿಸಿದರು. ಲೆಕ್ಕ ಮಾಡೋಣ.

ಸೋಪಿನ ಬೆಲೆ 100 ರೂಪಾಯಿ, ತೆರಿಗೆ 18 ರೂಪಾಯಿ. ಒಟ್ಟು 118 ರೂಪಾಯಿ.
ಸೋಪಿನ ಬೆಲೆ 100 ರೂಪಾಯಿ, ತೆರಿಗೆ 5 ರೂಪಾಯಿ. ಒಟ್ಟು 105 ರೂಪಾಯಿ.

ಹೀಗೆ 13 ರೂಪಾಯಿ ಉಳಿಯಬೇಕು. ಉಳಿಯಿತೋ ಇಲ್ಲವೋ ಎಂದು ನೋಡಲು ನಮಗೆ ಓದು ಬೇಕು, ಲೆಕ್ಕವೂ ಬೇಕು. ಸಾಹುಕಾರನ ಮನೆಯವರು ಸೋಪು ಕೊಂಡರೂ ತೆರಿಗೆ ಅಷ್ಟೆ, ನಾವು ಕೊಂಡರೂ ಅಷ್ಟೆ. ಹಾಗಾದರೆ ಆ ತೆರಿಗೆ ಯಾಕೆ, ಎಷ್ಟು ಎಂದು ಕೇಳುವ ಹಕ್ಕು ನಮಗೂ ಇದೆ.

ಕೇಳುವುದು ಎಲ್ಲಿ?

ನಮ್ಮ ಸಂವಿಧಾನದ 265ನೇ ವಿಧಿ ಒಂದು ಮಾತು ಹೇಳುತ್ತದೆ. ಕಾನೂನಿನ ಆಧಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. ರಾಜರ ಕಾಲದಲ್ಲಿ ರಾಜ ಹೇಳಿದ್ದೇ ತೆರಿಗೆ. ಈಗ ಹಾಗಿಲ್ಲ. ನಾವು ಓಟು ಹಾಕಿ ಕಳಿಸಿದವರು ಕೂತು ಒಪ್ಪಬೇಕು.

ದೆಹಲಿಯಲ್ಲಿ ಸಂಸತ್ತು ಇದೆ. ಅದರಲ್ಲಿ ಎರಡು ಸಭೆಗಳು. ಒಂದು ಲೋಕಸಭೆ, ಇನ್ನೊಂದು ರಾಜ್ಯಸಭೆ. ಕರ್ನಾಟಕದಿಂದ ಲೋಕಸಭೆಗೆ 28 ಜನ, ರಾಜ್ಯಸಭೆಗೆ 12 ಜನ ಹೋಗುತ್ತಾರೆ. ಅವರನ್ನು ಸಂಸತ್ ಸದಸ್ಯರು, ಎಂ.ಪಿ. ಎನ್ನುತ್ತೇವೆ.

ಲೋಕಸಭೆ ಸೇರಿದ ದಿನಗಳಲ್ಲಿ ಬೆಳಿಗ್ಗೆ 11 ಗಂಟೆಗೆ ಮೊದಲ ಕೆಲಸವೇ ಪ್ರಶ್ನೆ ಕೇಳುವುದು. ಇದಕ್ಕೆ ಪ್ರಶ್ನೋತ್ತರ ವೇಳೆ ಎನ್ನುತ್ತಾರೆ. ಒಂದು ಗಂಟೆ ಹೊತ್ತು ಸದಸ್ಯರು ಕೇಳುತ್ತಾರೆ, ಮಂತ್ರಿಗಳು ಎದ್ದು ನಿಂತು ಉತ್ತರ ಹೇಳುತ್ತಾರೆ. ಪ್ರಶ್ನೆಯನ್ನು ಕನಿಷ್ಠ 15 ದಿನ ಮೊದಲೇ ಬರೆದು ಕೊಡಬೇಕು.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಬಾಯಿಯಲ್ಲೇ ಉತ್ತರ ಹೇಳಬೇಕು. ಉತ್ತರ ಸಾಲದಿದ್ದರೆ ಸದಸ್ಯರು ಅಲ್ಲೇ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರೆದ ಉತ್ತರ ಕೊಡುತ್ತಾರೆ. ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ 20 ಇರುತ್ತವೆ. ಬರೆದ ಉತ್ತರದ ಪ್ರಶ್ನೆ 230ರವರೆಗೆ ಇರಬಹುದು. ಮಂತ್ರಿ ಹೇಳಿದ ಮಾತು ಸಭೆಯ ದಾಖಲೆಗೆ ಸೇರುತ್ತದೆ. ನಾಳೆ "ನಾನು ಹಾಗೆ ಹೇಳೇ ಇಲ್ಲ" ಎನ್ನಲು ಬರುವುದಿಲ್ಲ.

ಪ್ಯಾಡಿನ ಕಥೆ

ಕೇಳಿದರೆ ಏನಾಗುತ್ತದೆ? ಇಲ್ಲೊಂದು ನಿಜ ಸಂಗತಿ ಇದೆ. ಇದು ಮುಟ್ಟಿನ ವಿಷಯ. ನಾವು ನಾಚಿಕೊಳ್ಳುವುದು ಬೇಡ.

2017ರಲ್ಲಿ ಜಿ.ಎಸ್.ಟಿ. ಬಂದಾಗ ಗಾಜಿನ ಬಳೆಗೆ, ಕುಂಕುಮಕ್ಕೆ, ಬಿಂದಿಗೆ ತೆರಿಗೆ ಇರಲಿಲ್ಲ. ಆದರೆ ಮುಟ್ಟಿನ ಪ್ಯಾಡಿಗೆ ನೂರಕ್ಕೆ 12 ರೂಪಾಯಿ ತೆರಿಗೆ ಹಾಕಿದರು. ಹೆಣ್ಣುಮಕ್ಕಳು ಸುಮ್ಮನಿರಲಿಲ್ಲ. "ಬಳೆ ಇಲ್ಲದೆ ಒಂದು ತಿಂಗಳು ಇರಬಹುದು, ಪ್ಯಾಡು ಇಲ್ಲದೆ ಹ್ಯಾಂಗೆ ಇರೋದು?" ಎಂಬ ಮಾತು ಎದ್ದಿತು. ಅಸ್ಸಾಮಿನಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಸುಷ್ಮಿತಾ ದೇವ್ ಅವರು ಈ ತೆರಿಗೆ ಬೇಡವೆಂದು ಮನವಿ ಸಿದ್ಧಮಾಡಿ, ಜನರ ಸಹಿ ಕೂಡಿಸಿದರು. ಆಗಿನ ಹಣಕಾಸು ಮಂತ್ರಿ ಅರುಣ್ ಜೇಟ್ಲಿ ಅವರಿಗೆ ಅದನ್ನು ಕೊಟ್ಟರು. ಸಂಸತ್ತಿನಲ್ಲೂ ಇದರ ಬಗ್ಗೆ ಪ್ರಶ್ನೆ ಬಂತು.

ಸರ್ಕಾರ ಕೊಟ್ಟ ಉತ್ತರ ಏನು? ಅದನ್ನೂ ನಾವು ಸರಿಯಾಗಿ ತಿಳಿಯಬೇಕು. ಉತ್ತರದಲ್ಲಿ ಮೂರು ಮಾತು ಇದ್ದವು.

ಒಂದು: ಜಿ.ಎಸ್.ಟಿ. ಬರುವ ಮೊದಲೂ ಪ್ಯಾಡಿನ ಮೇಲೆ ತೆರಿಗೆ ಇತ್ತು. ಎಲ್ಲಾ ಸೇರಿ ನೂರಕ್ಕೆ 13 ರೂಪಾಯಿ 68 ಪೈಸೆ ಬೀಳುತ್ತಿತ್ತು. ಈಗ 12 ಆಗಿದೆ, ಹೆಚ್ಚಾಗಿಲ್ಲ.

ಎರಡು: ಪ್ಯಾಡು ಮಾಡಲು ಬೇಕಾದ ಪ್ಲಾಸ್ಟಿಕ್ ಹಾಳೆ, ಅಂಟು ಇಂಥವಕ್ಕೆ ನೂರಕ್ಕೆ 18, ಮರದ ತಿರುಳಿಗೆ ನೂರಕ್ಕೆ 12 ತೆರಿಗೆ ಇದೆ. ಪ್ಯಾಡಿಗೆ ತೆರಿಗೆ ಇದ್ದರೆ, ತಯಾರಿಸುವವರು ಮೊದಲು ಕಟ್ಟಿದ್ದನ್ನು ಅದರಲ್ಲಿ ಕಳೆದುಕೊಳ್ಳಬಹುದು. ಪ್ಯಾಡಿನ ತೆರಿಗೆ ಪೂರ್ತಿ ತೆಗೆದರೆ ಹಾಗೆ ಕಳೆಯಲು ಬರುವುದಿಲ್ಲ.

ಮೂರು: ಆಗ ಹೊರದೇಶದ ಪ್ಯಾಡು ಅಗ್ಗವಾಗಿ ಬರುತ್ತದೆ. ನಮ್ಮ ದೇಶದಲ್ಲಿ ಮಾಡುವವರಿಗೆ ಏಟು ಬೀಳುತ್ತದೆ.

ಈ ಉತ್ತರದಲ್ಲಿ ಲೆಕ್ಕ ಇದೆ. ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಆದರೂ ಒಂದು ಪ್ರಶ್ನೆ ಉಳಿಯಿತು. ಹೆಣ್ಣುಮಕ್ಕಳಿಗೆ ತಿಂಗಳು ತಿಂಗಳೂ ಬೇಕಾದ ವಸ್ತುವಿನಿಂದ ತೆರಿಗೆ ಪಡೆಯುವುದು ನ್ಯಾಯವೇ? ಇದನ್ನು ಜನ ಬಿಡದೆ ಕೇಳಿದರು. ಒಂದು ವರ್ಷ ಕಳೆಯಿತು. 2018ರ ಜುಲೈ 21ರಂದು ಜಿ.ಎಸ್.ಟಿ. ಮಂಡಳಿ ಸಭೆ ಸೇರಿತು. ಆ ಮಂಡಳಿಯಲ್ಲಿ ಕೇಂದ್ರದ ಹಣಕಾಸು ಮಂತ್ರಿ ಇರುತ್ತಾರೆ, ರಾಜ್ಯಗಳ ಮಂತ್ರಿಗಳೂ ಇರುತ್ತಾರೆ. ಅಂದಿನ ಸಭೆಗೆ ಪೀಯೂಷ್ ಗೋಯಲ್ ಅಧ್ಯಕ್ಷರು. ಪ್ಯಾಡಿನ ಮೇಲಿನ ತೆರಿಗೆ ಪೂರ್ತಿ ತೆಗೆಯುವ ತೀರ್ಮಾನ ಆಯಿತು. ಜುಲೈ 27ರಿಂದ ಅದು ಜಾರಿಗೆ ಬಂತು.

ಕಚ್ಚಾ ಮಾಲಿನ ತೆರಿಗೆ ಹಾಗೇ ಉಳಿಯಿತು. ಆದ್ದರಿಂದ ಪ್ಯಾಡಿನ ಬೆಲೆ ಪೂರಾ 12 ರೂಪಾಯಿ ಇಳಿಯಲಿಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ, ಕಾರಣ ಈಗ ನಮಗೆ ಗೊತ್ತು.

ಕಾನೂನು ಆಗುವ ಮೊದಲೇ ಕೇಳಬೇಕು

ಹೊಸ ಕಾನೂನು ತರುವಾಗ ಮಂತ್ರಿ ಮೊದಲು ಮಸೂದೆ ತರುತ್ತಾರೆ. ಮಸೂದೆ ಅಂದರೆ ಇನ್ನೂ ಒಪ್ಪಿಗೆ ಸಿಗದ ಕಾನೂನು. ಸೀರೆ ನೇಯುವಾಗ ಎಳೆ ತಪ್ಪಿದ್ದು ಮಗ್ಗದ ಮೇಲೆ ಇರುವಾಗಲೇ ಕಂಡರೆ ಸರಿಮಾಡುವುದು ಸುಲಭ. ಮಸೂದೆಯೂ ಹಾಗೆಯೇ.

2025ರ ಫೆಬ್ರವರಿ 13ರಂದು ಹಣಕಾಸು ಮಂತ್ರಿ ನಿರ್ಮಲಾ ಸೀತಾರಾಮನ್ ಅವರು ಲೋಕಸಭೆಯಲ್ಲಿ ಹೊಸ ಆದಾಯ ತೆರಿಗೆ ಮಸೂದೆ ಮಂಡಿಸಿದರು. ಅವರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದವರು. ಹಳೆಯ ಕಾನೂನು 1961ರದು. ಹೊಸ ಮಸೂದೆಯನ್ನು 31 ಸದಸ್ಯರ ಸಮಿತಿಗೆ ಒಪ್ಪಿಸಿದರು. ಸಮಿತಿ ಒಂದೊಂದು ಸಾಲನ್ನೂ ನೋಡಿತು.

ಅದರಲ್ಲಿ ಒಂದು ಅಂಶ ಇತ್ತು. ಆದಾಯದ ಲೆಕ್ಕವನ್ನು ತಡವಾಗಿ ಕೊಟ್ಟವರಿಗೆ, ಹೆಚ್ಚಿಗೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ ಎಂದು. ಇದರಿಂದ ಸಣ್ಣ ಆದಾಯದವರಿಗೂ ತೊಂದರೆ ಆಗುತ್ತದೆ, ಅದನ್ನು ತೆಗೆಯಿರಿ ಎಂದು ಸಮಿತಿ ಹೇಳಿತು. ಸರ್ಕಾರ ಆಗಸ್ಟಿನಲ್ಲಿ ಮೊದಲ ಮಸೂದೆ ಹಿಂದಕ್ಕೆ ಪಡೆಯಿತು. ತಿದ್ದಿದ ಮಸೂದೆ ತಂದಿತು. ಆ ಅಂಶ ಅದರಲ್ಲಿ ಇರಲಿಲ್ಲ. ಎರಡೂ ಸಭೆ ಒಪ್ಪಿದವು, ರಾಷ್ಟ್ರಪತಿಗಳ ಅಂಕಿತ ಬಿತ್ತು. 2026ರ ಏಪ್ರಿಲ್ 1ರಿಂದ ಜಾರಿ ಎಂದು ಕಾನೂನಾಯಿತು.

ನೋಡಿದಿರಾ? ಬರೆದದ್ದನ್ನು ಕೂತು ಓದಿದವರು ಇದ್ದರು. ಅದಕ್ಕೇ ತಿದ್ದುಪಡಿ ಆಯಿತು.

ನಾವೇನು ಮಾಡೋಣ?

ನಾವು ದೆಹಲಿಗೆ ಹೋಗಬೇಕಿಲ್ಲ. ನಮ್ಮ ಎಂ.ಪಿ.ಗೆ ಒಂದು ಕಾರ್ಡು ಬರೆಯಬಹುದು. ಸಂಘದವರೆಲ್ಲ ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ಹೆಸರು ಬರೆಯುತ್ತದಲ್ಲ! ನಮ್ಮ ಪ್ರಶ್ನೆಯನ್ನು ಸದಸ್ಯರು ಸಭೆಯಲ್ಲಿ ಕೇಳಬಹುದು.

ಊರಲ್ಲೇ ಗ್ರಾಮಸಭೆ ಇದೆ. ಮನೆ ಕಂದಾಯ, ನೀರಿನ ಶುಲ್ಕ ಪಂಚಾಯತಿಗೆ ಕಟ್ಟುತ್ತೇವೆ. ಆ ಹಣ ಎಲ್ಲಿ ಖರ್ಚಾಯಿತು ಎಂದು ಅಲ್ಲೇ ಕೇಳೋಣ. ಉತ್ತರ ಬಂದಾಗ ಪೂರ್ತಿ ಕೇಳಿಸಿಕೊಳ್ಳೋಣ. ಲೆಕ್ಕ ಸರಿ ಇದ್ದರೆ ಒಪ್ಪೋಣ. ಅರ್ಧ ಉತ್ತರ ಬಂದರೆ ಉಪಪ್ರಶ್ನೆ ಹಾಕೋಣ.

ಅಭ್ಯಾಸ

1. ಈ ಪದಗಳನ್ನು ಓದಿ, ಬರೆಯಿರಿ: ತೆರಿಗೆ, ಸಂಸತ್ತು, ಮಸೂದೆ, ಮಂತ್ರಿ, ಉಪಪ್ರಶ್ನೆ.
2. ಚುಕ್ಕೆ ಗುರುತಿನ ಪ್ರಶ್ನೆ ಎಂದರೆ ಏನು?
3. ಪ್ಯಾಡಿನ ತೆರಿಗೆ ಬಗ್ಗೆ ಸರ್ಕಾರ ಹೇಳಿದ ಮೂರು ಮಾತು ಯಾವುವು? ನಿಮಗೆ ಯಾವುದು ಸರಿ ಅನಿಸುತ್ತದೆ? ಯಾಕೆ?
4. 200 ರೂಪಾಯಿ ಬೆಲೆಯ ವಸ್ತುವಿಗೆ ನೂರಕ್ಕೆ 5ರಂತೆ ತೆರಿಗೆ ಎಷ್ಟು? ಒಟ್ಟು ಎಷ್ಟು ಕೊಡಬೇಕು?
5. ಮನೆಯಿಂದ ಒಂದು ಖಾಲಿ ಪೊಟ್ಟಣ ತನ್ನಿ. ಅದರ ಮೇಲೆ ಬೆಲೆ ಎಲ್ಲಿದೆ, ತೂಕ ಎಲ್ಲಿದೆ ತೋರಿಸಿ.
6. ನಿಮ್ಮ ಎಂ.ಪಿ.ಗೆ ಕೇಳಬೇಕಾದ ಒಂದು ಪ್ರಶ್ನೆ ಬರೆಯಿರಿ. ಕೆಳಗೆ ನಿಮ್ಮ ಹೆಸರು, ಊರು ಬರೆದು ಸಹಿ ಮಾಡಿ.