ಮರಳಿ ನುಡಿದ ವಾದ್ಯಗಳು

ಶಿಲ್ಪಿಯು ಕಡೆದ ವಿಗ್ರಹವು ಸಾವಿರ ವರ್ಷಗಳ ಬಳಿಕವೂ ನೋಡುವವರ ಕಣ್ಣೆದುರಿಗೆ ನಿಲ್ಲುತ್ತದೆ. ಕವಿಯು ರಚಿಸಿದ ಕಾವ್ಯವು ಓಲೆಗರಿಯಲ್ಲಿಯೋ ಕಾಗದದಲ್ಲಿಯೋ ಉಳಿದು ಮುಂದಿನ ತಲೆಮಾರಿನ ಓದುಗರನ್ನು ತಲುಪುತ್ತದೆ. ಸಂಗೀತದ ಸ್ಥಿತಿ ಹಾಗಲ್ಲ. ನಾದವು ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತದೆ. ಧ್ವನಿಮುದ್ರಣ ಯಂತ್ರವು ಬರುವುದಕ್ಕೆ ಮುಂಚಿನ ಸಂಗೀತಗಾರರ ಗಾಯನವನ್ನಾಗಲಿ ವಾದನವನ್ನಾಗಲಿ ಕೇಳಿದ ಕಿವಿಗಳು ಇಂದು ಯಾವುವೂ ಇಲ್ಲ. ಯುರೋಪಿನ ಸಂಗೀತಗಾರರು ತಮ್ಮ ರಚನೆಗಳನ್ನು ಸ್ವರಲಿಪಿಯಲ್ಲಿ ಬರೆದಿಟ್ಟಿರುವುದೇನೋ ನಿಜ. ಆದರೆ ಯಾವ ಸ್ವರ, ಎಷ್ಟು ಕಾಲ ಎಂಬುದನ್ನು ಸ್ವರಲಿಪಿಯು ಹೇಳಬಲ್ಲುದೇ ಹೊರತು ಆ ಸ್ವರದ ಬನಿಯನ್ನೂ ಭಾವವನ್ನೂ ಸಂಪೂರ್ಣವಾಗಿ ಹೇಳಲಾರದು. ಹಾಗಾದರೆ ಮುನ್ನೂರು ವರ್ಷಗಳ ಹಿಂದಿನ ಸಂಗೀತವನ್ನು ಇಂದು ಹೇಗೆ ನುಡಿಸಬೇಕು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಅದಕ್ಕಾಗಿ ಬಾಳನ್ನೇ ಮುಡಿಪಾಗಿಟ್ಟ ಕಲಾವಿದರ ಕಥೆ ಸ್ವಾರಸ್ಯವಾದುದು.

ಸ್ಥೂಲವಾಗಿ 1600ರಿಂದ 1750ರವರೆಗಿನ ಯುರೋಪಿನ ಸಂಗೀತಕ್ಕೆ 'ಬರೋಕ್' ಸಂಗೀತವೆಂದು ಹೆಸರು. ಈ ಮಾತಿನ ಮೂಲವನ್ನು ಸಾಮಾನ್ಯವಾಗಿ ಪೋರ್ಚುಗೀಸ್ ಭಾಷೆಯಲ್ಲಿ ಗುರುತಿಸುತ್ತಾರೆ. ಅಲ್ಲಿ ಅದಕ್ಕೆ ಅಂಕುಡೊಂಕಾದ ಮುತ್ತು ಎಂದರ್ಥ. ಅತಿ ಅಲಂಕಾರದ ಕಲೆಯೆಂದು ಹಳಿಯುವುದಕ್ಕಾಗಿ ಮೊದಮೊದಲು ಬಳಕೆಯಾದ ಈ ಹೆಸರು ಕ್ರಮೇಣ ಒಂದು ಯುಗಕ್ಕೆ ಗೌರವದ ಹೆಸರಾಯಿತು. ಇಟಲಿಯ ಮಾಂಟೆವೆರ್ಡಿ ಮತ್ತು ವಿವಾಲ್ಡಿ, ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಹ್ಯಾಂಡೆಲ್, ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ ಮೊದಲಾದವರು ಈ ಯುಗದ ಮಹಾನ್ ರಚನಕಾರರು. ಬಾಖ್ ಮತ್ತು ಹ್ಯಾಂಡೆಲ್ ಇಬ್ಬರೂ 1685ರಲ್ಲಿಯೇ ಜನಿಸಿದವರು.

ಈ ರಚನಕಾರರ ಕಾಲದ ವಾದ್ಯಗೋಷ್ಠಿಗಳು ಗಾತ್ರದಲ್ಲಿ ಚಿಕ್ಕವು. ಲೈಪ್‌ಜಿಗ್ ನಗರದಲ್ಲಿ ಚರ್ಚಿನ ಸಂಗೀತದ ಹೊಣೆ ಹೊತ್ತಿದ್ದ ಬಾಖ್ 1730ರಲ್ಲಿ ನಗರಸಭೆಗೆ ಒಂದು ಮನವಿಯನ್ನು ಬರೆದು, ತನ್ನ ಮೇಳಕ್ಕೆ ಬೇಕಾದ ಕಲಾವಿದರ ಲೆಕ್ಕವನ್ನು ಕೊಟ್ಟನು. ಗಾಯಕರು ಕಡೆಯ ಪಕ್ಷ 12 ಮಂದಿ, ಸಾಧ್ಯವಾದರೆ 16 ಮಂದಿ. ವಾದ್ಯಗಾರರು 18ರಿಂದ 20 ಮಂದಿ. ಇಷ್ಟು ಸಿಕ್ಕಿದರೆ ಅವನಿಗೆ ತೃಪ್ತಿ. ಆದರೆ ಕಾಲ ಬದಲಾಯಿತು. ರಾಜರ ಅರಮನೆಗಳಲ್ಲಿಯೂ ಚರ್ಚುಗಳಲ್ಲಿಯೂ ನಡೆಯುತ್ತಿದ್ದ ಸಂಗೀತವು ಸಾವಿರಾರು ಜನ ಕೂಡುವ ಸಭಾಂಗಣಗಳಿಗೆ ಬಂದಿತು. ಅದಕ್ಕೆ ತಕ್ಕ ದೊಡ್ಡ ದನಿ ಬೇಕಾಯಿತು. 1784ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆದ ಹ್ಯಾಂಡೆಲನ ಸ್ಮರಣೋತ್ಸವದಲ್ಲಿ 500ಕ್ಕೂ ಮಿಕ್ಕಿ ಕಲಾವಿದರು ಭಾಗವಹಿಸಿದರು. ಮರೆವಿಗೆ ಸಂದಿದ್ದ ಬಾಖನ 'ಸಂತ ಮ್ಯಾಥ್ಯೂವಿನ ಪ್ಯಾಶನ್' ಎಂಬ ಮಹಾಕೃತಿಯನ್ನು 1829ರಲ್ಲಿ ಬರ್ಲಿನ್ನಿನಲ್ಲಿ ಮೆಂಡಲ್‌ಸನ್ ಎಂಬ ತರುಣ ಮತ್ತೆ ಬೆಳಕಿಗೆ ತಂದನು. ಅದು ಪುಣ್ಯದ ಕೆಲಸವೇ ಸರಿ. ಆದರೆ ಅಲ್ಲಿ ಹಾಡಿದವರೇ ನೂರೈವತ್ತಕ್ಕೂ ಹೆಚ್ಚು ಮಂದಿ. ಹಳೆಯ ಸಂಗೀತವು ಉಳಿಯಿತು, ಆದರೆ ಹೊಸ ಕಾಲದ ಉಡುಪು ತೊಟ್ಟು ಉಳಿಯಿತು.

ಬದಲಾದದ್ದು ಮೇಳದ ಗಾತ್ರವೊಂದೇ ಅಲ್ಲ, ವಾದ್ಯಗಳೂ ಬದಲಾದವು. ಕರ್ನಾಟಕ ಸಂಗೀತದಲ್ಲಿ ಇಂದು ಮನೆಮಾತಾಗಿರುವ ಪಿಟೀಲು ಯುರೋಪಿನಿಂದಲೇ ಬಂದ ವಾದ್ಯ. ಅದರ ಪೂರ್ವಚರಿತ್ರೆಯನ್ನು ನೋಡಿದರೆ ಈ ಬದಲಾವಣೆಯ ಸ್ವರೂಪ ತಿಳಿಯುತ್ತದೆ. ಬಾಖನ ಕಾಲದ ಪಿಟೀಲಿಗೆ ಕುರಿಯ ಕರುಳಿನಿಂದ ಹೊಸೆದ ತಂತಿಗಳನ್ನು ಕಟ್ಟುತ್ತಿದ್ದರು. ಅದರ ಕತ್ತು ಗಿಡ್ಡ, ತಂತಿಗಳ ಬಿಗಿತ ಕಡಿಮೆ, ನಾದ ಮೃದು. ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತನ್ನು ಉದ್ದಮಾಡಿ ಹಿಂದಕ್ಕೆ ಬಾಗಿಸಿದರು. ಹೆಚ್ಚಿದ ಬಿಗಿತವನ್ನು ತಡೆಯಲು ಒಳಗಿನ ಪಟ್ಟಿಯನ್ನು ಬಲಪಡಿಸಿದರು. ಜಗತ್ಪ್ರಸಿದ್ಧನಾದ ಸ್ಟ್ರಾಡಿವೇರಿಯ ಕೈಯಿಂದ ಬಂದ ಪಿಟೀಲುಗಳಲ್ಲಿ ಬಹುಪಾಲು ಈ ಶಸ್ತ್ರಚಿಕಿತ್ಸೆಗೆ ಒಳಗಾದವು. ಇಪ್ಪತ್ತನೆಯ ಶತಮಾನದಲ್ಲಿ ಕರುಳಿನ ತಂತಿಯ ಸ್ಥಾನಕ್ಕೆ ಉಕ್ಕಿನ ತಂತಿ ಬಂದಿತು. ಕಮಾನಿನ ರೂಪವೂ ಬೇರೆಯಾಯಿತು. ಹಳೆಯ ಕಮಾನು ಹಗುರ. ಬಿಲ್ಲಿನಂತೆ ಹೊರಕ್ಕೆ ಬಾಗಿದುದು. ಅದರ ಒಂದೊಂದು ಎಳೆತದಲ್ಲಿಯೂ ಸ್ವರವು ಅರಳಿ ತಾನಾಗಿಯೇ ಕುಗ್ಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಟೂರ್ಟ್ ಎಂಬ ಕುಶಲಿಯು ರೂಪಿಸಿದ, ಒಳಕ್ಕೆ ಬಾಗಿದ ಹೊಸ ಕಮಾನು ಮೊದಲಿನಿಂದ ತುದಿಯವರೆಗೆ ಒಂದೇ ಬಲದಿಂದ ಸ್ವರವನ್ನು ಎಳೆಯಬಲ್ಲುದು. ಹಳೆಯದು ಬಿಡಿಬಿಡಿಯಾಗಿ ಮಾತನಾಡುವ ಕಮಾನು, ಹೊಸದು ಉದ್ದಕ್ಕೆ ಹಾಡುವ ಕಮಾನು ಎನ್ನಬಹುದು.

ಗಾಳಿವಾದ್ಯಗಳ ಕಥೆಯೂ ಹೀಗೆಯೇ. ಹಳೆಯ ಕಹಳೆಯು ಎರಡು ಮೀಟರಿಗೂ ಉದ್ದವಾದ ಬರಿಯ ಕೊಳವೆ. ಅದಕ್ಕೆ ಒತ್ತುವ ಕೀಲಿಗಳಿಲ್ಲ. ವಾದಕನು ತುಟಿಯ ಬಿಗಿತದಿಂದಲೇ ಸ್ವರಗಳನ್ನು ಹುಟ್ಟಿಸಬೇಕು. ಕೆಳಗಿನ ಸ್ಥಾಯಿಯಲ್ಲಿ ಸ್ವರಗಳು ದೂರದೂರ ಇರುವುದರಿಂದ ರಾಗವನ್ನು ನುಡಿಸಬೇಕಾದರೆ ಮೇಲಿನ ಸ್ಥಾಯಿಗೇ ಏರಬೇಕು. ಒಂದು ಕ್ಷಣ ತುಟಿ ಸೋತರೆ ಸ್ವರ ಒಡೆಯುತ್ತದೆ. ಪಿಯಾನೊ ಪ್ರಚಾರಕ್ಕೆ ಬರುವುದಕ್ಕೆ ಮೊದಲು ಅದರ ಸ್ಥಾನದಲ್ಲಿದ್ದ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಗಳನ್ನು ಸುತ್ತಿಗೆಗಳು ಬಡಿಯುವುದಿಲ್ಲ, ಹಕ್ಕಿಯ ಗರಿಯ ದಂಟಿನ ಚೂರುಗಳು ಮೀಟುತ್ತವೆ. 'ವಿಯೋಲಾ ಡ ಗಾಂಬ' ಎಂಬ ವಾದ್ಯವನ್ನು ಮೊಣಕಾಲುಗಳ ನಡುವೆ ಹಿಡಿದು ಕಮಾನಿನಿಂದ ನುಡಿಸುತ್ತಿದ್ದರು. ಅದಕ್ಕೆ ವೀಣೆಗಿರುವಂತೆ ಮೆಟ್ಟುಗಳುಂಟು. ಇಂಥ ಅನೇಕ ವಾದ್ಯಗಳು ಕಾಲಕ್ರಮದಲ್ಲಿ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿ ಮೌನವಾದವು.

ಈ ಮೌನವನ್ನು ಮುರಿಯಲು ಹೊರಟ ಮೊದಲಿಗರಲ್ಲಿ ಆರ್ನಾಲ್ಡ್ ಡಾಲ್ಮೆಚ್ ಪ್ರಮುಖರು. 1858ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಇವರು ಹಳೆಯ ವಾದ್ಯಗಳನ್ನು ಸಂಗ್ರಹಿಸಿ, ದುರಸ್ತಿ ಮಾಡಿ, ಅವುಗಳ ಮಾದರಿಯಲ್ಲಿ ಹೊಸವನ್ನು ತಯಾರಿಸಿದರು. 1915ರಲ್ಲಿ ಹಳೆಯ ಸಂಗೀತದ ವಾದನಕ್ರಮವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಆದರೆ ಈ ಕೆಲಸವು ಬಹುಕಾಲ ಕೆಲವೇ ಆಸಕ್ತರ ಹವ್ಯಾಸವಾಗಿ ಉಳಿಯಿತು. ಅದನ್ನು ಸಂಗೀತಲೋಕದ ಮುಖ್ಯ ವೇದಿಕೆಗೆ ತಂದವರಲ್ಲಿ ನಿಕೊಲಾಸ್ ಹಾರ್ನೊನ್‌ಕೂರ್ ಅಗ್ರಗಣ್ಯರು.

1929ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಬೆಳೆದ ಹಾರ್ನೊನ್‌ಕೂರ್ ಚೆಲ್ಲೋ ವಾದಕರು. 1952ರಲ್ಲಿ ಅವರಿಗೆ ವಿಯೆನ್ನಾ ಸಿಂಫನಿ ವಾದ್ಯವೃಂದದಲ್ಲಿ ಕೆಲಸ ದೊರೆಯಿತು. ಅಲ್ಲಿ ಬರೋಕ್ ರಚನೆಗಳನ್ನು ನುಡಿಸುವಾಗ ಅವರಿಗೆ ಅತೃಪ್ತಿ. ಕಾಗದದ ಮೇಲೆ ಜೀವಕಳೆಯಿಂದ ಕೂಡಿದ್ದ ಕೃತಿಗಳು ವಾದನದಲ್ಲಿ ಏಕೆ ಸಪ್ಪೆಯಾಗಬೇಕು? ದೋಷವು ಕೃತಿಯಲ್ಲಿಲ್ಲ, ನುಡಿಸುವ ಕ್ರಮದಲ್ಲಿದೆ ಎಂದು ಅವರು ಶಂಕಿಸಿದರು. 1953ರಲ್ಲಿ ಪಿಟೀಲುವಾದಕಿಯಾದ ಪತ್ನಿ ಆಲಿಸ್ ಮತ್ತು ಕೆಲವು ಸಹೋದ್ಯೋಗಿಗಳೊಡನೆ 'ಕೊನ್ಸೆಂಟುಸ್ ಮುಸಿಕುಸ್ ವಿಯೆನ್ನಾ' ಎಂಬ ಮೇಳವನ್ನು ಕಟ್ಟಿದರು.

ಮೇಳ ಕಟ್ಟಿದೊಡನೆಯೇ ಅವರು ಸಭೆಗೆ ಬರಲಿಲ್ಲ. ನಾಲ್ಕು ವರ್ಷಗಳ ಕಾಲ ಅಭ್ಯಾಸವೇ ನಡೆಯಿತು. ವೃಂದದಲ್ಲಿ ದುಡಿದ ಬಳಿಕ ಉಳಿದ ವೇಳೆಯಲ್ಲಿ ಕಲಾವಿದರು ಕಲೆತು, ತಮಗೆ ರೂಢಿಯಾಗಿದ್ದ ವಾದನಕ್ರಮವನ್ನು ಮರೆತು ಹೊಸದಾಗಿ ಅಕ್ಷರಾಭ್ಯಾಸ ಮಾಡಿದರು. ಕಲಿಸುವ ಗುರುಗಳಿರಲಿಲ್ಲ. ಹಳೆಯ ವಾದ್ಯಗಳೇ ಗುರುಗಳು. ಹಳೆಯ ಗ್ರಂಥಗಳೇ ಪಾಠಗಳು. ಕೊಳಲನ್ನು ಕುರಿತು ಕ್ವಾಂಟ್ಸ್ 1752ರಲ್ಲಿಯೂ, ಪಿಟೀಲನ್ನು ಕುರಿತು ಲಿಯೋಪೋಲ್ಡ್ ಮೊಟ್ಸಾರ್ಟ್ 1756ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಇಂಥ ಶೋಧಕರಿಗೆ ದಾರಿದೀಪಗಳಾದವು. 1957ರಲ್ಲಿ ಮೇಳವು ವಿಯೆನ್ನಾದಲ್ಲಿ ಸಾರ್ವಜನಿಕರ ಮುಂದೆ ಬಂದಿತು. 1964ರಲ್ಲಿ ಬಾಖನ 'ಬ್ರಾಂಡೆನ್‌ಬುರ್ಗ್ ಕನ್ಸರ್ಟೊ'ಗಳನ್ನು ಹಳೆಯ ವಾದ್ಯಗಳಲ್ಲಿ ನುಡಿಸಿ ಧ್ವನಿಮುದ್ರಿಸಿತು. 1969ರಲ್ಲಿ ಹಾರ್ನೊನ್‌ಕೂರ್ ಸಿಂಫನಿ ವೃಂದದ ನೌಕರಿಯನ್ನು ಬಿಟ್ಟರು. ಹದಿನೇಳು ವರ್ಷ ಅನ್ನ ನೀಡಿದ ಕೆಲಸವನ್ನು ತೊರೆದು, ತಾವು ನಂಬಿದ ದಾರಿಯಲ್ಲಿಯೇ ನಡೆಯಲು ನಿಶ್ಚಯಿಸಿದರು.

ಇಂಥ ಮೇಳದಲ್ಲಿ ನುಡಿಸುವುದು ಸುಲಭವಲ್ಲ. ಕರುಳಿನ ತಂತಿಯು ಗಾಳಿಯ ತೇವಕ್ಕೂ ದೀಪಗಳ ಕಾವಿಗೂ ಬೇಗನೆ ಶ್ರುತಿಗೆಡುತ್ತದೆ. ಕೃತಿಯ ಭಾಗಗಳ ನಡುವೆ ಕಲಾವಿದರು ಮತ್ತೆ ಮತ್ತೆ ಬಿರಡೆ ತಿರುಗಿಸಿ ಶ್ರುತಿ ಕೂಡಿಸಿಕೊಳ್ಳಬೇಕು. ಇಂದು ಯುರೋಪಿನ ವಾದ್ಯಗಳಿಗೆ ಸೆಕೆಂಡಿಗೆ 440 ಕಂಪನಗಳ ಸ್ವರವು ಆಧಾರಶ್ರುತಿಯಾದರೆ, ಬರೋಕ್ ಮೇಳಗಳು ಸಾಮಾನ್ಯವಾಗಿ 415 ಕಂಪನಗಳ, ಎಂದರೆ ಅರ್ಧ ಸ್ವರ ತಗ್ಗಿನ ಶ್ರುತಿಯನ್ನು ಅನುಸರಿಸುತ್ತವೆ. ಮುಂದೆ ನಿಂತು ಕೋಲು ಬೀಸುವ ನಿರ್ದೇಶಕನು ಅನೇಕ ವೇಳೆ ಇರುವುದಿಲ್ಲ. ಮುಖ್ಯ ಪಿಟೀಲುವಾದಕನೋ ಹಾರ್ಪ್ಸಿಕಾರ್ಡ್ ವಾದಕನೋ ತಾನು ನುಡಿಸುತ್ತಲೇ ಇತರರನ್ನು ನಡೆಸುತ್ತಾನೆ. ಹಾರ್ನೊನ್‌ಕೂರ್ ಮೊದಮೊದಲು ಚೆಲ್ಲೋ ನುಡಿಸುತ್ತಲೇ ಮೇಳವನ್ನು ನಡೆಸಿದರು. ಹೀಗಾಗಿ ಪ್ರತಿಯೊಬ್ಬನೂ ಉಳಿದವರ ನಾದಕ್ಕೆ ಕಿವಿಗೊಡಲೇಬೇಕು.

ಮೇಳದ ನಡುವೆ ಒಂಟಿಯಾಗಿ ಹಾಡುವ ಅಥವಾ ನುಡಿಸುವ ಪ್ರಧಾನ ಕಲಾವಿದನ ಹೊಣೆ ಇನ್ನೂ ಹೆಚ್ಚಿನದು. ವಿವಾಲ್ಡಿಯ ರಚನೆಗಳಲ್ಲಿ ಮೇಳವು ಒಂದು ವಾಕ್ಯವನ್ನು ಹೇಳಿದರೆ ಪ್ರಧಾನ ವಾದಕನು ಅದಕ್ಕೆ ಉತ್ತರ ಕೊಡುತ್ತಾನೆ. ಮೇಳವು ಮತ್ತೆ ಅದೇ ವಾಕ್ಯಕ್ಕೆ ಮರಳುತ್ತದೆ. ಹ್ಯಾಂಡೆಲನ ಗೀತನಾಟಕಗಳ ಹಾಡುಗಳಲ್ಲಿ ಮೊದಲನೆಯ ಭಾಗವು ಕೊನೆಯಲ್ಲಿ ಪುನಃ ಬರುತ್ತದೆ. ಎರಡನೆಯ ಸಲ ಗಾಯಕನು ಅದನ್ನು ಇದ್ದಂತೆಯೇ ಹಾಡಿದರೆ ಸಾಲದು. ತನ್ನ ಮನೋಧರ್ಮಕ್ಕೆ ಅನುಗುಣವಾಗಿ ಅಲಂಕರಿಸಿ ಹಾಡಬೇಕು. ಹಾರ್ಪ್ಸಿಕಾರ್ಡ್ ವಾದಕನ ಮುಂದಿನ ಹಾಳೆಯಲ್ಲಿ ಕೆಳಸ್ಥಾಯಿಯ ಸ್ವರಗಳೂ ಕೆಲವು ಅಂಕಿಗಳೂ ಮಾತ್ರ ಇರುತ್ತವೆ. ಆ ಅಂಕಿಗಳ ಸೂಚನೆಯಂತೆ ಉಳಿದ ಸ್ವರಗಳನ್ನು ಅವನು ಆ ಕ್ಷಣದಲ್ಲಿಯೇ ಕಲ್ಪಿಸಿ ತುಂಬಬೇಕು. ಸ್ವರವನ್ನು ನಡುಗಿಸುವುದು ಇಂದಿನ ಪಿಟೀಲುವಾದಕರಿಗೆ ನಿತ್ಯದ ಅಭ್ಯಾಸ. ಹಳೆಯ ಕ್ರಮದಲ್ಲಿಯಾದರೋ ಅದು ಅಲ್ಲಲ್ಲಿ ತೊಡಿಸುವ ಒಡವೆ.

ಹಾರ್ನೊನ್‌ಕೂರರ ಬಾಳಿನ ಬಹುದೊಡ್ಡ ಕಾರ್ಯಗಳಲ್ಲೊಂದು 1971ರಲ್ಲಿ ಆರಂಭವಾಯಿತು. ಬಾಖನ ಧಾರ್ಮಿಕ ಕ್ಯಾಂಟಾಟಗಳು, ಎಂದರೆ ಚರ್ಚಿನ ಆರಾಧನೆಗಾಗಿ ರಚಿತವಾದ ಗೀತಮಾಲೆಗಳು, ಸುಮಾರು 200 ಉಳಿದಿವೆ. ಇವನ್ನೆಲ್ಲ ಹಳೆಯ ವಾದ್ಯಗಳೊಡನೆ ಧ್ವನಿಮುದ್ರಿಸಲು ಹಾರ್ನೊನ್‌ಕೂರ್ ಮತ್ತು ಹಾಲೆಂಡಿನ ಹಾರ್ಪ್ಸಿಕಾರ್ಡ್ ವಾದಕ ಗುಸ್ಟಾಫ್ ಲಿಯೊನ್‌ಹಾರ್ಟ್ ಕೈಜೋಡಿಸಿದರು. ಇಬ್ಬರೂ ಕೃತಿಗಳನ್ನು ಹಂಚಿಕೊಂಡು ತಂತಮ್ಮ ಮೇಳಗಳೊಡನೆ ದುಡಿದರು. ಬಾಖನ ಚರ್ಚಿನಲ್ಲಿ ಸ್ತ್ರೀಯರು ಹಾಡುತ್ತಿರಲಿಲ್ಲವಾದುದರಿಂದ ಮೇಲಿನ ಸ್ಥಾಯಿಯ ಭಾಗಗಳನ್ನು ಬಹುಮಟ್ಟಿಗೆ ಬಾಲಕರಿಂದಲೇ ಹಾಡಿಸಿದರು. ಕೇಳುವವರು ಕೃತಿಯನ್ನು ಓದಿಯೂ ತಿಳಿಯಲೆಂದು ಧ್ವನಿಮುದ್ರಿಕೆಗಳ ಜೊತೆಗೆ ಸ್ವರಲಿಪಿಯನ್ನೂ ಅಚ್ಚುಮಾಡಿ ಕೊಡಲಾಯಿತು. ಈ ಕಾರ್ಯ ಮುಗಿಯಲು ಸುಮಾರು ಹದಿನೆಂಟು ವರ್ಷಗಳು ಹಿಡಿದವು. 1980ರಲ್ಲಿ ಇಬ್ಬರಿಗೂ ಜೊತೆಯಾಗಿ ಎರಾಸ್ಮಸ್ ಪ್ರಶಸ್ತಿ ಸಂದಿತು.

ಈ ಪ್ರಯತ್ನಕ್ಕೆ ಆಕ್ಷೇಪಣೆಗಳು ಬಾರದಿರಲಿಲ್ಲ. ಹಳೆಯ ವಾದ್ಯಗಳ ದನಿ ಕ್ಷೀಣ, ಶ್ರುತಿ ಅಸ್ಥಿರ, ಸುಧಾರಿತ ವಾದ್ಯಗಳಿರುವಾಗ ಅಪೂರ್ಣವಾದುವಕ್ಕೆ ಹಿಂದಿರುಗುವುದೇಕೆ ಎಂದು ಕೆಲವರು ಕೇಳಿದರು. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಆಳವಾದುದು. ಅಮೆರಿಕದ ವಿದ್ವಾಂಸರಾದ ರಿಚರ್ಡ್ ಟರಸ್ಕಿನ್, ಹಳೆಯದೆಂದು ಸಾದರಪಡಿಸಲಾಗುವ ಈ ಶೈಲಿಯು ವಾಸ್ತವವಾಗಿ ಇಪ್ಪತ್ತನೆಯ ಶತಮಾನದ ಅಭಿರುಚಿಯನ್ನೇ ತೋರಿಸುತ್ತದೆಯೆಂದು ವಾದಿಸಿದರು. ಈ ಮಾತಿನಲ್ಲಿ ಸತ್ಯಾಂಶವಿದೆ. ಹಳೆಯ ವಾದ್ಯವನ್ನು ತರಬಹುದು. ಹಳೆಯ ಕಿವಿಯನ್ನು ತರುವುದೆಂತು? ಇಂದಿನ ಬರೋಕ್ ಕಹಳೆಗಳಲ್ಲಿ ಅನೇಕವಕ್ಕೆ ಸ್ವರಶುದ್ಧಿಗಾಗಿ ಸಣ್ಣ ರಂಧ್ರಗಳನ್ನು ಕೊರೆದಿರುತ್ತಾರೆ. ಬಾಖನ ಕಾಲದ ಕಹಳೆಗಳಿಗೆ ಇಂಥ ವ್ಯವಸ್ಥೆಯಿರಲಿಲ್ಲ. ಗತಕಾಲವನ್ನು ಯಥಾವತ್ತಾಗಿ ಮರಳಿ ತರಲು ಯಾರಿಂದಲೂ ಆಗದು.

ಹಾರ್ನೊನ್‌ಕೂರರೂ ಸಂಗೀತವನ್ನು ವಸ್ತುಸಂಗ್ರಹಾಲಯವಾಗಿಸಲು ಬಯಸಿದವರಲ್ಲ. ಬರೋಕ್ ಸಂಗೀತವು ಮೂಲತಃ ನಾದರೂಪದ ಮಾತು. ಅದರಲ್ಲಿ ಪ್ರಶ್ನೆಯುಂಟು, ಉತ್ತರವುಂಟು, ನಿಟ್ಟುಸಿರುಂಟು, ವಾಗ್ವಾದವುಂಟು ಎಂಬುದು ಅವರ ಸಿದ್ಧಾಂತ. ಆ ಮಾತು ಸ್ಪಷ್ಟವಾಗಿ ಕೇಳಿಸಲೆಂದೇ ಅವರು ಹಳೆಯ ವಾದ್ಯಗಳನ್ನು ಅರಸಿದರು. ಈ ಅರಿವನ್ನು ಅವರು ಆಧುನಿಕ ವೃಂದಗಳಿಗೂ ಹಂಚಿದರು. ಯುರೋಪಿನ ಹೆಸರಾಂತ ವಾದ್ಯವೃಂದಗಳು ಅವರನ್ನು ನಿರ್ದೇಶಕರಾಗಿ ಆಹ್ವಾನಿಸಿದವು. 2001 ಮತ್ತು 2003ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ವೃಂದದ ಹೊಸವರ್ಷದ ಕಛೇರಿಯನ್ನು ಅವರೇ ನಡೆಸಿದರು. ಅಷ್ಟರಲ್ಲಿ ಇಂಗ್ಲೆಂಡ್, ಹಾಲೆಂಡ್, ಬೆಲ್ಜಿಯಂ ಮುಂತಾದ ದೇಶಗಳಲ್ಲಿಯೂ ಇಂಥ ಮೇಳಗಳು ಹುಟ್ಟಿಕೊಂಡಿದ್ದವು. ಒಂದು ಕಾಲಕ್ಕೆ ಗುರುಗಳೇ ಇಲ್ಲದಿದ್ದ ವಿದ್ಯೆಯನ್ನು ಇಂದು ಯುರೋಪಿನ ಅನೇಕ ಸಂಗೀತ ವಿದ್ಯಾಲಯಗಳಲ್ಲಿ ಕ್ರಮಬದ್ಧವಾಗಿ ಬೋಧಿಸುತ್ತಾರೆ. 2015ರ ಡಿಸೆಂಬರಿನಲ್ಲಿ, ದೇಹಶಕ್ತಿ ಕುಂದಿತೆಂದು ಶ್ರೋತೃಗಳಿಗೆ ಪತ್ರ ಬರೆದು ಹಾರ್ನೊನ್‌ಕೂರ್ ವೇದಿಕೆಯಿಂದ ನಿವೃತ್ತರಾದರು. 2016ರ ಮಾರ್ಚ್ 5ರಂದು ನಿಧನರಾದರು.

ಪರಂಪರೆಯೆಂಬುದು ಹಿರಿಯರಿಂದ ಬಂದುದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳುವುದಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ಮೂಲೆಗೆ ತಳ್ಳುವುದೂ ಅಲ್ಲ. ರೂಢಿಯಲ್ಲಿರುವುದು ಹೀಗೇಕೆ ಎಂದು ಕೇಳುವ ಧೈರ್ಯ, ಉತ್ತರ ದೊರೆಯುವವರೆಗೆ ದುಡಿಯುವ ತಾಳ್ಮೆ, ದೊರೆತ ಉತ್ತರವೂ ಪೂರ್ಣವಲ್ಲವೆಂದು ಒಪ್ಪುವ ವಿನಯ, ಈ ಮೂರೂ ಕೂಡಿದಾಗ ಪರಂಪರೆಗೆ ಮತ್ತೆ ಉಸಿರು ಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಮೌನವಾಗಿದ್ದ ವಾದ್ಯಗಳು ಮರಳಿ ನುಡಿದುದು ಇಂಥವರ ಕೈ ಸೋಕಿದ್ದರಿಂದಲೇ.