ಗೆದ್ದಲಿನ ನಿವಾರಣೆ: ಕರಾರಿಗೆ ಮೊದಲು ಲೆಕ್ಕ

ಕೃಷ್ಣಾ ತೀರದ ಹಿಪ್ಪರಗಿಯ ಆಸುಪಾಸಿನಲ್ಲಿ ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಇನ್ನೂ ಉಳಿದಿವೆ. ಮಾಳಿಗೆಯ ಭಾರವನ್ನು ಹೊರುವವು ಮರದ ಕಂಬ, ತೊಲೆ, ಜಂತಿಗಳು. ಹೊರಗೆ ನಯವಾಗಿ ಕಾಣುವ ತೊಲೆಯು ಒಳಗೆ ಟೊಳ್ಳಾಗಿದ್ದರೆ ಮನೆಯವರ ಪ್ರಾಣಕ್ಕೇ ಅಪಾಯವುಂಟು. ಗೆದ್ದಲು ಕಂಡೊಡನೆ ಔಷಧ ಹೊಡೆಯುವವರನ್ನು ಕರೆಸುವುದು ಈಗಿನ ವಾಡಿಕೆ. ಆದರೆ ಅವರು ಕೇಳುವ ದರವು ನ್ಯಾಯವೇ, ಮಾಡುವ ಕೆಲಸವು ಸಾಕೇ ಎಂಬುದನ್ನು ಅಳೆಯುವ ಬಗೆ ಯಾವುದು? ಪ್ರೌಢಶಾಲೆಯ ಗಣಿತವೇ ಇದಕ್ಕೆ ಸಾಕೆಂಬುದನ್ನು ಇಲ್ಲಿ ತೋರಿಸಲೆತ್ನಿಸುವೆವು.

ಮೊದಲು ಕೀಟದ ಸ್ವಭಾವವನ್ನು ನೋಡೋಣ. ಒರಲೆಯೆಂದೂ ಹೆಸರುಳ್ಳ ಗೆದ್ದಲನ್ನು 'ಬಿಳಿ ಇರುವೆ' ಎನ್ನುವುದುಂಟು. ವಾಸ್ತವವಾಗಿ ಅದು ಇರುವೆಯಲ್ಲ; ಜಿರಲೆಯ ಹತ್ತಿರದ ಬಂಧು. ಅದರ ಚರ್ಮವು ಬಹು ತೆಳು. ಒಣಗಾಳಿಗೆ ಸಿಕ್ಕಿದರೆ ದೇಹದ ನೀರು ಬೇಗನೆ ಆವಿಯಾಗಿ ಅದು ಸಾಯುವುದು. ಆದುದರಿಂದಲೇ ಗೋಡೆಯ ಮೇಲೆ ಮಣ್ಣಿನ ನಳಿಗೆಗಳನ್ನು ಕಟ್ಟಿಕೊಂಡು, ಅವುಗಳೊಳಗಿನ ತೇವದಲ್ಲಿ ಸಂಚರಿಸುವುದು. ಆಹಾರವು ಬಾಗಿಲ ಚೌಕಟ್ಟಿನಲ್ಲಿದ್ದರೂ ರಾಣಿಯೂ ಗೂಡೂ ನೆಲದೊಳಗಿರುತ್ತವೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುವುದರಿಂದ ನೆಲದಲ್ಲಿ ಬಿರುಕುಗಳೇಳುತ್ತವೆ. ಅವೇ ಗೆದ್ದಲಿಗೆ ದಾರಿ. ಚೌಕಟ್ಟಿಗಷ್ಟೇ ಔಷಧ ಬಳಿದರೆ ಕೆಲವು ಕೂಲಿ ಹುಳುಗಳು ಸಾಯುವುವು. ಗೂಡು ಹಾಗೆಯೇ ಉಳಿಯುವುದು.

ಹಾಗಾದರೆ ಔಷಧವು ಮಣ್ಣನ್ನು ಮುಟ್ಟಬೇಕು. ಭಾರತೀಯ ಮಾನಕ 6313ರ ಮೂರನೆಯ ಭಾಗವು ಕಟ್ಟಿ ಮುಗಿದ ಮನೆಗಳ ಚಿಕಿತ್ಸೆಯನ್ನು ವಿವರಿಸುತ್ತದೆ. ಅದರಂತೆ ಗೋಡೆಯೂ ನೆಲವೂ ಕೂಡುವ ಸಂದಿನಲ್ಲಿ ಸುಮಾರು 30 ಸೆಂಟಿಮೀಟರಿಗೊಂದರಂತೆ ರಂಧ್ರ ಕೊರೆದು, ಮಣ್ಣು ಹೀರುವಷ್ಟು ದ್ರಾವಣವನ್ನು ಒತ್ತಿ ತುಂಬಬೇಕು. ರಂಧ್ರಕ್ಕೆ ಒಂದು ಲೀಟರು ಮಿತಿ.

ಒಂದು ಮನೆಯ ಒಳಗೋಡೆಗಳ ಬುಡದ ಒಟ್ಟು ಉದ್ದವು 30 ಮೀಟರು ಎಂದಿಟ್ಟುಕೊಳ್ಳೋಣ. 30 ಮೀಟರನ್ನು 0.3ರಿಂದ ಭಾಗಿಸಿದರೆ 100 ರಂಧ್ರಗಳು. ಹೆಚ್ಚೆಂದರೆ 100 ಲೀಟರು ದ್ರಾವಣ. ಶೇಕಡಾ 30.5ರ ಇಮಿಡಾಕ್ಲೋಪ್ರಿಡ್ ಆದರೆ ಲೀಟರು ನೀರಿಗೆ 2.1 ಮಿಲಿಲೀಟರು ಬೆರೆಸುವುದು ರೂಢಿ. ಒಟ್ಟು 210 ಮಿಲಿಲೀಟರು ಬೇಕು. ಬಂದವರು ಹದಿನೈದು ಲೀಟರಿನ ಒಂದೇ ಡಬ್ಬಿಯಲ್ಲಿ ಮನೆಯನ್ನೆಲ್ಲ ಮುಗಿಸುವೆವೆಂದರೆ, ರಂಧ್ರಕ್ಕೆ ಸಿಗುವುದು 150 ಮಿಲಿಲೀಟರು ಮಾತ್ರ. ಮಣ್ಣು ಅಷ್ಟನ್ನೇ ಹೀರಿ ಸಾಕೆಂದಿತೇ ಎಂಬ ಪ್ರಶ್ನೆಯನ್ನು ಕೇಳಲು ಮನೆಯ ಯಜಮಾನನಿಗೆ ಹಕ್ಕಿದೆ.

ಇನ್ನು ಕರಾರಿನ ಮಾತು. ಒಬ್ಬರು ಚದರಡಿಗೆ ದರ ಹೇಳುವರು, ಇನ್ನೊಬ್ಬರು ಇಡೀ ಮನೆಗೆ. ಎರಡನ್ನೂ ರಂಧ್ರಗಳ ಸಂಖ್ಯೆಗೆ ತಂದು ಹೋಲಿಸತಕ್ಕದ್ದು. ಔಷಧದ ಹೆಸರು, ಪ್ರಮಾಣ, ರಂಧ್ರಗಳ ಅಂತರ, ಗೆದ್ದಲು ಮರಳಿದರೆ ಎಷ್ಟು ಕಾಲದವರೆಗೆ ಪುಕ್ಕಟೆ ಚಿಕಿತ್ಸೆ ಎಂಬಿವನ್ನು ಬರೆಯಿಸಿಕೊಳ್ಳಬೇಕು. 1968ರ ಕೀಟನಾಶಕ ಅಧಿನಿಯಮದ ಮೇರೆಗೆ ಪಡೆದ ಪರವಾನಿಗೆಯನ್ನು ತೋರಿಸೆಂದು ಕೇಳಬೇಕು. ಡಬ್ಬಿಯ ಮೊಹರನ್ನು ನಮ್ಮೆದುರಿಗೇ ಒಡೆಯಿಸಬೇಕು. ರಂಧ್ರಗಳನ್ನು ಕಡಿಮೆ ಮಾಡಿಸಿ ಹಣ ಉಳಿಸುವುದು ಉಳಿತಾಯವಲ್ಲ. ಸಾಮಾನು ಸರಿಸುವುದು, ಸೋರುವ ನಳ ಸರಿಪಡಿಸುವುದು, ಗೋಡೆಗೊರಗಿಸಿದ ಹತ್ತಿಕಟ್ಟಿಗೆ, ಕಬ್ಬಿನ ರವದಿಗಳನ್ನು ದೂರ ಒಟ್ಟುವುದು ಇವನ್ನು ನಾವೇ ಮಾಡಿ, ಅದಕ್ಕೆ ತಕ್ಕ ರಿಯಾಯಿತಿ ಕೇಳುವುದು ಯುಕ್ತ. ಹಣದ ಒಂದಂಶವನ್ನು ಮರುಪರೀಕ್ಷೆಯ ತನಕ ಉಳಿಸಿಕೊಳ್ಳುವುದೂ ಲೇಸು.

ವಾಸನೆ ಘಾಟಾದಷ್ಟೂ ಔಷಧ ಬಲವಾದುದೆಂಬುದು ತಪ್ಪು ತಿಳಿವಳಿಕೆ. ಹಿಂದೆ ಇದೇ ಕೆಲಸಕ್ಕೆ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ಜೀವಿಗಳ ಕೊಬ್ಬಿನಲ್ಲಿ ಸೇರುವುದು ಕಂಡುಬಂದು, 2001ರ ಸ್ಟಾಕ್‌ಹೋಮ್ ಒಪ್ಪಂದವು ಅವನ್ನು ತೊಡೆದುಹಾಕಬೇಕಾದ ವಸ್ತುಗಳ ಪಟ್ಟಿಯಲ್ಲಿರಿಸಿತು. ಇಂದಿನ ಔಷಧಗಳೂ ವಿಷಗಳೇ. ಅಂಗಳದಲ್ಲಿ ಬಾವಿಯಿದ್ದರೆ ಅದನ್ನು ಕೆಲಸದವರಿಗೆ ಮೊದಲೇ ತೋರಿಸಿ, ಅದರ ಬಳಿಯ ಮಣ್ಣಿಗೆ ದ್ರಾವಣ ಹಾಕದಂತೆ ನೋಡಿಕೊಳ್ಳಬೇಕು. ಮಕ್ಕಳನ್ನೂ ದನಕರುಗಳನ್ನೂ ಆ ಹೊತ್ತಿನಲ್ಲಿ ದೂರವಿರಿಸಬೇಕು. ತೊಲೆಯನ್ನು ಉಳಿಸಲು ಹೋಗಿ ಕುಡಿಯುವ ನೀರನ್ನು ಕಳೆದುಕೊಳ್ಳಬಾರದಷ್ಟೆ.

ಅಭ್ಯಾಸ: ನಿಮ್ಮ ಮನೆಯ ಒಳಗೋಡೆಗಳ ಬುಡವನ್ನು ಅಳೆದು, ಬೇಕಾಗುವ ರಂಧ್ರ, ದ್ರಾವಣ, ಔಷಧಗಳ ಪ್ರಮಾಣವನ್ನು ಕಂಡುಹಿಡಿಯಿರಿ. ಆ ಚೀಟಿಯನ್ನು ಹಿರಿಯರ ಕೈಗೆ ಕೊಡಿರಿ.